ಕಣ್ಣಾಗ ಮುಳ್ಳಿಟ್ಟುಕೊಂಡ ಮೀನು

ದೀಪಾವಳಿ ಮುಗಿದು ನಾಲ್ಕೈದು ದಿನ ಆಗಿತ್ತು. ಪ್ರಾರ್ಥನೆ ಮುಗಿಸಿ ಹಾಜರಿ ಹಾಕುತ್ತಿದ್ದೆ. ಐದನೆಯ ತರಗತಿಯ ಹುಡುಗನೊಬ್ಬ ತಡವಾಗಿ ಬಂದು ಬಾಗಿಲಲ್ಲಿ ನಿಂತ. ಪಾಟೀಚೀಲ ಒಂದು ಹೆಗಲಿಗೆ, ಕೈಯಲ್ಲಿ ಕುತ್ತಿಗೆ ಕೊಯ್ದ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ. ತಡ ಯಾಕಾಯಿತು ಅಂತ ಕೇಳುವುದಕ್ಕೆ ಮೊದಲೇ ಅವನು ಬಾಟಲಿಯನ್ನು ನನ್ನ ಮೇಜಿನ ಮೇಲಿಟ್ಟ.

"ಸರ, ಈ ಮೀನ ನೋಡ್ರಿ. ಕಣ್ಣಾಗ ಮುಳ್ಳ ಇಟ್ಕೊಂಡದ."

"ಕಣ್ಣಾಗ ಮುಳ್ಳ ಯಾರರ ಇಟ್ಕೋತಾರೇನೋ ತಮ್ಮಾ?"

"ಖರೇನರಿ ಸರ. ನನಗ ಚುಚ್ಚಿತು." ಹೆಬ್ಬೆರಳು ತೋರಿಸಿದ. ಸೂಜಿ ಚುಚ್ಚಿದಂಥ ಸಣ್ಣ ಕೆಂಪು ಗುರುತು ಇತ್ತು.

ಬಾಟಲಿಯಲ್ಲಿ ಆರು ಮೀನು. ಒಂದೊಂದೂ ಕಿರುಬೆರಳಿಗಿಂತ ಸಣ್ಣವು. ಒದ್ದೆ ಉಸುಕಿನ ಬಣ್ಣದ ಮೈ, ಎರಡೂ ಪಕ್ಕಕ್ಕೆ ಕಂದು ಮಚ್ಚೆಗಳ ಸಾಲು, ಬಾಯಿಯ ಸುತ್ತ ಸಣ್ಣ ಸಣ್ಣ ಮೀಸೆ. ನೀರಲ್ಲಿ ತೇಲದೆ ತಳಕ್ಕೆ ಹೊಟ್ಟೆ ಹಚ್ಚಿ ಕುಳಿತಿದ್ದವು. ಹೊಳೆಗೆ ಸೇರುವ ಹಳ್ಳದಲ್ಲಿ ಉಸುಕು ಗೋರಿ ಹಿಡಿದದ್ದಂತೆ. ಇದಕ್ಕೇನಂತೀರಿ ಅಂದರೆ ಮಕ್ಕಳೆಲ್ಲ ಒಂದೇ ಸಲಕ್ಕೆ "ಉಸುಕಿನ ಮೀನ್ರಿ" ಅಂದರು.

ನಾನು ಟಿಸಿಎಚ್ ಮಾಡಿ, ಆಮೇಲೆ ಬಿ.ಎ. ಓದಿದವ. ಮೀನಿನ ಶಾಸ್ತ್ರ ನನಗೆ ಬರುವುದಿಲ್ಲ. ಆದರೂ ಹುಡುಗನ ಮಾತು ತಲೆಯಲ್ಲೇ ಉಳಿಯಿತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಒಂದು ಮೀನನ್ನು ಗಾಜಿನ ಲೋಟಕ್ಕೆ ಬಿಟ್ಟು, ಮೊಬೈಲಿನ ಕ್ಯಾಮೆರಾ ದೊಡ್ಡದು ಮಾಡಿಕೊಂಡು ನೋಡಿದೆ. ಹುಡುಗ ಹೇಳಿದ್ದು ಹೆಚ್ಚು ಕಡಿಮೆ ಸರಿ ಇತ್ತು. ಮುಳ್ಳು ಕಣ್ಣಿನಲ್ಲಲ್ಲ, ಕಣ್ಣಿನ ಕೆಳಗೆ. ಅಲ್ಲೊಂದು ಸಣ್ಣ ಸೀಳು, ಅದರೊಳಗೆ ಎರಡು ಮೊನೆಯ ಮುಳ್ಳು. ಸುಮ್ಮನಿದ್ದಾಗ ಮಡಚಿಕೊಂಡಿರುತ್ತದೆ, ಹೆದರಿದರೆ ಚಾಕು ಬಿಚ್ಚಿದಂತೆ ಹೊರಗೆ ಬರುತ್ತದೆ. ನಮ್ಮ ಪಾಠಪುಸ್ತಕದ ಮೀನಿನ ಚಿತ್ರದಲ್ಲಿ ಕಿವಿರು ಇದೆ, ಹುರುಪೆ ಇದೆ, ಈಜುರೆಕ್ಕೆ ಇದೆ. ಇಂಥ ಮುಳ್ಳಿನ ಸುದ್ದಿಯೇ ಇಲ್ಲ.

ಹೆಸರು ಹುಡುಕುವುದು ನಾನು ತಿಳಿದಷ್ಟು ಸುಲಭ ಇರಲಿಲ್ಲ. ಮಕ್ಕಳು ಹೇಳಿದ 'ಉಸುಕಿನ ಮೀನು' ಒಳ್ಳೆಯ ಹೆಸರೇ. ಆದರೆ ನಮ್ಮ ಗಡಿಯಲ್ಲಿ ಒಂದು ಹೆಸರಿಗೆ ಎರಡು ಭಾಷೆ. ತೆಲುಗಿನಲ್ಲಿ 'ಇಸುಕ ದೊಂದು' ಅಂತ ಒಂದು ಮೀನಿದೆ. ಅದೂ ಉಸುಕಿನ ಹೆಸರಿನದೇ, ಅದೂ ತಳದಲ್ಲೇ ಕುಳಿತುಕೊಳ್ಳುವುದೇ. ಆದರೆ ಅದು ಗೋಬಿ ಜಾತಿಯ ಬೇರೆ ಮೀನು. ಅದಕ್ಕೆ ಮೀಸೆ ಇಲ್ಲ, ಬೆನ್ನಿನ ಮೇಲೆ ಎರಡು ಬೇರೆ ಬೇರೆ ಈಜುರೆಕ್ಕೆ ಇರುತ್ತವೆ. ನಮ್ಮ ಬಾಟಲಿಯ ಮೀನಿಗೆ ಮೀಸೆ ಇತ್ತು, ಬೆನ್ನಿನ ಮೇಲೆ ಒಂದೇ ಈಜುರೆಕ್ಕೆ. ಹೆಸರು ಕೇಳಿ ಮೀನು ಗುರುತಿಸಿದ್ದರೆ ಅಲ್ಲೇ ತಪ್ಪುತ್ತಿದ್ದೆ.

ಫ್ರಾನ್ಸಿಸ್ ಡೇ ಎಂಬ ಬ್ರಿಟಿಷ್ ವೈದ್ಯ 1875ರಿಂದ 1878ರವರೆಗೆ ಕಂತು ಕಂತಾಗಿ ಪ್ರಕಟಿಸಿದ 'ದಿ ಫಿಶಸ್ ಆಫ್ ಇಂಡಿಯಾ' ಪುಸ್ತಕ ಈಗ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಅದರ ಚಿತ್ರಗಳನ್ನು ನೋಡುತ್ತ, ಹೊಸ ಲೇಖನಗಳ ಜೊತೆ ತಾಳೆ ಹಾಕುತ್ತ ಎರಡು ರಾತ್ರಿ ಕಳೆದೆ. ಇಂಗ್ಲಿಷಿನಲ್ಲಿ ಈ ಗುಂಪಿಗೆಲ್ಲ ಒಟ್ಟಾಗಿ ಲೋಚ್ ಅನ್ನುತ್ತಾರೆ. ನಮ್ಮದು ಲೆಪಿಡೊಸೆಫಲಿಕ್ತಿಸ್ ಥರ್ಮಾಲಿಸ್. ಶ್ರೀಲಂಕಾದ ತ್ರಿಂಕೋಮಲಿ ಹತ್ತಿರ ಕನ್ನಿಯಾ ಎಂಬಲ್ಲಿ ಬಿಸಿನೀರಿನ ಬುಗ್ಗೆಗಳಿವೆ. ಅಲ್ಲಿ ಸಿಕ್ಕ ಮೀನನ್ನು ನೋಡಿ ಫ್ರಾನ್ಸಿನ ವಾಲೆನ್ಸಿಯೆನ್ 1846ರಲ್ಲಿ ಇಟ್ಟ ಹೆಸರು. ತಮಿಳುನಾಡಿನಲ್ಲಿ ಇದೇ ಮೀನಿಗೆ ಅಯಿರೈ ಅನ್ನುತ್ತಾರೆ, ಮದುರೈ ಕಡೆ ಅಯಿರೈ ಮೀನಿನ ಕೊಳಂಬು ಬಹಳ ಹೆಸರುವಾಸಿ. ಇದನ್ನು ಹೇಳಿದಾಗ ನಮ್ಮ ಹುಡುಗರು ನಕ್ಕರು. "ಇಷ್ಟ ಸಣ್ಣದು ತಿಂದ್ರ ಹೊಟ್ಟಿ ತುಂಬತದೇನ್ರಿ?" ಜೂರಾಲ ಅಣೆಕಟ್ಟೆಯ ಹತ್ತಿರ ದೊಡ್ಡ ದೊಡ್ಡ ಮೀನಿನ ತುಂಡು ಎಣ್ಣೆಯಲ್ಲಿ ಕರಿದು ಮಾರುವುದನ್ನು ನೋಡಿ ಬೆಳೆದ ಮಕ್ಕಳಿಗೆ ಇನ್ನೇನು ಅನ್ನಿಸಬೇಕು ಹೇಳಿ.

ಗಂಡು ಹೆಣ್ಣು ಗುರುತಿಸುವ ಬಗೆಯೂ ಗೊತ್ತಾಯಿತು. ಗಂಡಿನ ಎದೆಯ ಈಜುರೆಕ್ಕೆಯಲ್ಲಿ ಒಳಬದಿಯ ಎರಡು ಕಡ್ಡಿಗಳು ಕೂಡಿಕೊಂಡು ದಪ್ಪಗೆ ಗಟ್ಟಿಯಾಗಿರುತ್ತವೆ. ಮೇಲಿನಿಂದ ನೋಡಿದರೆ ತಿಳಿಯುವುದಿಲ್ಲ, ಗಾಜಿನ ಲೋಟದ ಕೆಳಗಿನಿಂದ ನೋಡಬೇಕು. ಆರರಲ್ಲಿ ಎರಡು ಗಂಡು ಅಂತ ನಾವು ತೀರ್ಮಾನಿಸಿದೆವು. ಮೀಸೆ ಎಣಿಸುವುದರಲ್ಲಿ ಮಾತ್ರ ಒಮ್ಮತ ಬರಲಿಲ್ಲ. ಒಬ್ಬ ಆರು ಅಂದ, ಒಬ್ಬಳು ಎಂಟು ಅಂದಳು.

ಮುಂದಿನ ವಾರ ಅದೇ ಹುಡುಗ ಇನ್ನೊಂದು ಮೀನು ತಂದ. "ಇದೂ ಉಸುಕಿನ ಮೀನ್ರಿ ಸರ, ಆದ್ರ ಇದಕ್ಕ ಮುಳ್ಳಿಲ್ಲ." ಆ ವಾಕ್ಯದಲ್ಲಿ ಅವನು ಒಂದು ದೊಡ್ಡ ಕೆಲಸ ಮಾಡಿದ್ದ ಅನ್ನುವುದು ನನಗೆ ಆಮೇಲೆ ತಿಳಿಯಿತು. ಲೋಚ್‌ಗಳನ್ನು ಬೇರೆ ಮಾಡುವಾಗ ಕೇಳುವ ಮೊದಲ ಪ್ರಶ್ನೆಯೇ ಅದು: ಕಣ್ಣಿನ ಕೆಳಗೆ ಮುಳ್ಳು ಇದೆಯೋ ಇಲ್ಲವೋ? ಇಲ್ಲದಿದ್ದರೆ, ಮೂರು ಜೊತೆ ಮೀಸೆ ಇದ್ದರೆ, ಅದು ನೆಮಾಕೀಲಿಡೆ ಎಂಬ ಕುಟುಂಬದ್ದು. ಮುಳ್ಳಿದ್ದು ಮೈ ಸಪೂರ ಇದ್ದರೆ ನಮ್ಮ ಮೊದಲಿನ ಮೀನಿನ ಕುಟುಂಬ. ಮುಳ್ಳೂ ಇದ್ದು, ಮೈ ಎತ್ತರವಾಗಿ ಮೂತಿ ಚೂಪಾಗಿ, ನಾಲ್ಕು ಜೊತೆ ಮೀಸೆ ಇದ್ದರೆ ಬೋಟಿಯಾ. ಬಣ್ಣ, ಮಚ್ಚೆ ಇವೆಲ್ಲ ಆಮೇಲೆ. ಒಂದೇ ಮೀನಿನ ಬಣ್ಣ ಬಿಳಿ ತಟ್ಟೆಯಲ್ಲಿ ಒಂದು ಥರ, ಕಪ್ಪು ಉಸುಕಿನಲ್ಲಿ ಇನ್ನೊಂದು ಥರ ಕಾಣುತ್ತದೆ. ಅದನ್ನು ನಂಬಿ ಕೂತರೆ ಕೆಟ್ಟೆವು.

ಮುಳ್ಳಿಲ್ಲದ ಆ ಮೀನಿನ ಬಾಲದ ಬುಡದಲ್ಲಿ, ಮೇಲ್ಭಾಗಕ್ಕೆ, ಕಣ್ಣಿನಂಥ ಕಪ್ಪು ಬೊಟ್ಟಿತ್ತು. ಪುಸ್ತಕದ ವಿವರಕ್ಕೆ ಹೊಂದಿದ್ದು ಪ್ಯಾರಾಕ್ಯಾಂತೊಕೊಬಿಟಿಸ್ ಮೂರೆ. ಕರ್ನಲ್ ಸೈಕ್ಸ್ ಎಂಬ ಅಧಿಕಾರಿ ಮುಂಬೈ ಸರ್ಕಾರಕ್ಕಾಗಿ ದಖ್ಖನ್ನಿನ ಅಂಕಿ ಅಂಶ ಕೂಡಿಸುತ್ತ ಓಡಾಡಿದವನು, ಜೊತೆಗೆ ಇಲ್ಲಿಯ ಹಕ್ಕಿ ಮೀನುಗಳನ್ನೂ ಬರೆದಿಟ್ಟವನು. 1839ರಲ್ಲಿ ಈ ಮೀನಿಗೆ ಶಾಸ್ತ್ರದ ಹೆಸರು ಕೊಡುವಾಗ ಆ ಕಡೆಯ ಜನ ಕರೆಯುತ್ತಿದ್ದ ಮಾತನ್ನೇ ಇಟ್ಟ. ಅವನು ಮೀನು ನೋಡಿದ ಪುಣೆ ಸೀಮೆಯ ನೀರು ಭೀಮೆಗೆ ಸೇರುತ್ತದೆ. ಭೀಮೆ ಹರಿದು ಬಂದು ನಮ್ಮ ತಂಗಡಿಯ ಹತ್ತಿರ ಕೃಷ್ಣೆಯನ್ನು ಕೂಡುತ್ತಾಳೆ. ಅಂದರೆ ನೂರಾ ಎಂಬತ್ತು ವರ್ಷಕ್ಕೂ ಹಿಂದೆ ಭೀಮೆಯ ಮೇಲ್ದಂಡೆಯವರ ಬಾಯಲ್ಲಿದ್ದ ಒಂದು ಹಳ್ಳಿಯ ಮಾತು ಇವತ್ತಿಗೂ ಜಗತ್ತಿನ ಪುಸ್ತಕಗಳಲ್ಲಿದೆ. ಆ ಮೀನನ್ನು ಅದೇ ಬಾಟಲಿಯ ನೀರಲ್ಲೇ ಇಟ್ಟು ನೋಡಿ, ಚಿತ್ರ ತೆಗೆದುಕೊಂಡು, ಸಂಜೆ ಹುಡುಗನ ಜೊತೆ ಹೋಗಿ ಹಳ್ಳಕ್ಕೆ ಬಿಟ್ಟು ಬಂದೆವು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲಿನ ಆರನ್ನು ಮಾತ್ರ ಮಕ್ತಲ್‌ನ ನಮ್ಮ ಮನೆಗೆ ತಂದಿದ್ದೆ. ಮನೆಯ ಅಟ್ಟದ ಮೇಲೆ ಮಗ ಚಿಕ್ಕವನಿದ್ದಾಗಿನ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗಾಜಿನ ತೊಟ್ಟಿ ಇತ್ತು. ಸುಮಾರು 55 ಲೀಟರ್ ನೀರು ಹಿಡಿಯುತ್ತದೆ. ತೊಳೆದು ಪಡಸಾಲೆಯಲ್ಲಿಟ್ಟೆ. ಜೊತೆಗಿದ್ದ ನೀಲಿ, ಗುಲಾಬಿ ಬಣ್ಣದ ಕಲ್ಲುಗಳನ್ನೂ ತಳಕ್ಕೆ ಹಾಸಿದೆ. ನೋಡಲು ಬಹಳ ಚಂದ ಕಾಣಿಸಿತು.

ಮೊದಲ ರಾತ್ರಿಯೇ ಒಂದು ಮೀನು ಹಾರಿ ಹೊರಗೆ ಬಿದ್ದು ಸತ್ತಿತ್ತು. ಬೆಳಿಗ್ಗೆ ಕಸ ಹೊಡೆಯುವಾಗ ಮನೆಯಾಕೆ ಕಂಡು ಕೂಗಿದಳು. ಲೋಚ್ ಸಾಕುವವರು ತೊಟ್ಟಿಗೆ ಮುಚ್ಚಳ ಹಾಕಬೇಕು, ಪೈಪು ಬರುವ ಸಂದೂ ಮುಚ್ಚಬೇಕು. ಇದನ್ನು ನಾನು ಓದಿ ಕಲಿಯಬಹುದಿತ್ತು, ಒಂದು ಜೀವ ಕಳೆದು ಕಲಿತೆ.

ಎರಡನೆಯ ತಪ್ಪು ನಿಧಾನಕ್ಕೆ ಗೊತ್ತಾಯಿತು. ಎರಡು ವಾರ ಕಳೆಯುವಷ್ಟರಲ್ಲಿ ಮೀನುಗಳ ಮೀಸೆ ಮೊಂಡಾಗತೊಡಗಿದವು. ದಿನವಿಡೀ ಒಂದು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದಿರುತ್ತಿದ್ದವು. ಭಾನುವಾರ ಮನೆಗೆ ಬಂದ ಹುಡುಗ ತೊಟ್ಟಿ ನೋಡಿ ಕೇಳಿದ: "ಸರ, ಉಸುಕಿನ ಮೀನಕ್ಕ ಉಸುಕ ಎಲ್ಲದರಿ?"

ನಾನು ಸುಮ್ಮನಾದೆ. ಹೆಸರಿನಲ್ಲೇ ಉಸುಕಿರುವ ಮೀನನ್ನು ತಂದು ಚೂಪು ಕಲ್ಲಿನ ಮೇಲೆ ಹಾಕಿದ್ದೆ. ಈ ಮೀನಿಗೆ ಮೀಸೆಯೇ ಮೂಗು, ಮೀಸೆಯೇ ನಾಲಿಗೆ. ಉಸುಕನ್ನು ಮೀಸೆಯಿಂದ ತಡವಿ, ಬಾಯಿಗೆ ತುಂಬಿಕೊಂಡು, ತಿನ್ನುವುದನ್ನು ಇಟ್ಟುಕೊಂಡು ಉಳಿದದ್ದನ್ನು ಕಿವಿರಿನಿಂದ ಹೊರಗೆ ಬಿಡುತ್ತದೆ. ಹೆದರಿದರೆ ಕಣ್ಣು ಮಾತ್ರ ಹೊರಗಿಟ್ಟು ಉಸುಕಿನಲ್ಲಿ ಹುಗಿದುಕೊಳ್ಳುತ್ತದೆ. ಕಲ್ಲಿನ ಮೇಲೆ ಅದಕ್ಕೆ ಊಟವೂ ಇಲ್ಲ, ಮನೆಯೂ ಇಲ್ಲ.

ಅವತ್ತೇ ಹಳ್ಳದಿಂದ ಅರ್ಧ ಬಕೆಟ್ ಉಸುಕು ತಂದು, ಹಿಟ್ಟಿನ ಜರಡಿಯಲ್ಲಿ ಸೋಸಿ, (ಜರಡಿ ಹೊಸದು ಕೊಡಿಸಬೇಕಾಯಿತು, ಅದು ಬೇರೆ ಕಥೆ) ನೀರು ತಿಳಿಯಾಗುವವರೆಗೆ ಹತ್ತು ಸಲ ತೊಳೆದು ಎರಡು ಅಂಗುಲ ಹಾಸಿದೆ. ಒಂದೆರಡು ನುಣುಪು ಗುಂಡುಕಲ್ಲು, ಒಡೆದ ಮಡಕೆಯ ಚೂರು ಬೋರಲಾಗಿಟ್ಟೆ. ಮೀನು ಬಿಟ್ಟ ಅರ್ಧ ನಿಮಿಷಕ್ಕೆ ಐದೂ ಮಾಯ! ನಾವಿಬ್ಬರೂ ಗಾಜಿಗೆ ಮುಖ ಹಚ್ಚಿ ಹುಡುಕಿದರೆ ಅಲ್ಲಲ್ಲಿ ಜೋಡಿ ಜೋಡಿ ಕಣ್ಣು. ಹುಡುಗ ಒಂದೊಂದೇ ಎಣಿಸಿ ಹತ್ತು ಕಣ್ಣು ಅಂದ. ತಿಂಗಳೊಳಗೆ ಮೀಸೆ ಮತ್ತೆ ಚಿಗುರಿದವು.

ಆಮೇಲಿನ ದಿನಗಳು ಚೆನ್ನಾಗಿದ್ದವು. ಲೋಚ್‌ಗಳು ತೊಟ್ಟಿಯ ಕಸ ತಿಂದು ಬದುಕುತ್ತವೆ ಅಂತ ಬಹಳ ಜನ ತಿಳಿದಿದ್ದಾರೆ. ಅದು ಸುಳ್ಳು, ಅವಕ್ಕೂ ಊಟ ಹಾಕಬೇಕು. ತೇಲುವ ಕಾಳು ಹಾಕಿದರೆ ಅವಕ್ಕೆ ಸಿಗುವುದಿಲ್ಲ, ಮುಳುಗುವ ಆಹಾರ ಬೇಕು. ಸಂಜೆ ದೀಪ ಆರಿಸಿದ ಮೇಲೆ ಸಣ್ಣಗೆ ಹೆಚ್ಚಿದ ಎರೆಹುಳು ಹಾಕಿದರೆ ಹಬ್ಬ. ನಲ್ಲಿಯಲ್ಲಿ ಬರುವ ಮಿಷನ್ ಭಗೀರಥದ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ಅದಕ್ಕೆ ಬಕೆಟ್‌ನಲ್ಲಿ ಒಂದು ದಿನ ತೆರೆದಿಟ್ಟು ಬಳಸುತ್ತಿದ್ದೆ. ವಾರಕ್ಕೊಮ್ಮೆ ನಾಲ್ಕನೇ ಒಂದು ಪಾಲು ನೀರು ಬದಲು. ಹಿಡಿಯುವುದಿದ್ದರೆ ಬಲೆ ಹಾಕಬಾರದು, ಕಣ್ಣಿನ ಮುಳ್ಳು ಬಲೆಗೆ ಸಿಕ್ಕಿಕೊಳ್ಳುತ್ತದೆ. ಲೋಟದಲ್ಲಿ ಹಿಡಿಯಬೇಕು.

ಹುಡುಗ ಪ್ರತಿ ಭಾನುವಾರ ಬರುತ್ತಿದ್ದ. ಒಂದು ಸಲ ಅವನೇ ಕಂಡುಹಿಡಿದ: ಮೀನು ಸರ್ರನೆ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ ಕೆಳಗೆ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಹಿಂದಿನಿಂದ ಗುಳ್ಳೆ ಬರುತ್ತದೆ. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಓದಿದರೆ ಅದು ನಗುವ ಮಾತಲ್ಲ. ಈ ಕುಲದ ಮೀನುಗಳು ನುಂಗಿದ ಗಾಳಿಯಿಂದ ಕರುಳಿನಲ್ಲೂ ಆಮ್ಲಜನಕ ಹೀರುತ್ತವೆ. 20 ಡಿಗ್ರಿ ಬಿಸಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 30 ಡಿಗ್ರಿಗೆ ಏಳೂವರೆಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಗುಂಡಿಗಳಲ್ಲಿ ಮೊಣಕಾಲುದ್ದ ಬಿಸಿನೀರು ಉಳಿಯುವ ನಮ್ಮ ಹಳ್ಳಗಳಲ್ಲಿ ಅದು ಬದುಕುವ ದಾರಿ ಇದು.

ಇಲ್ಲಿಗೇ ನಿಲ್ಲಿಸಿದ್ದರೆ ಈ ಬರಹ ಬರೆಯುವ ಅಗತ್ಯ ಇರುತ್ತಿರಲಿಲ್ಲ. ಸಂಕ್ರಾಂತಿ ರಜೆಗೆ ಹೈದರಾಬಾದಿಗೆ ಹೋದವನು ಒಂದು ಅಕ್ವೇರಿಯಂ ಅಂಗಡಿ ಹೊಕ್ಕೆ. ಅಲ್ಲಿ ಕಿತ್ತಳೆ ಮೈಗೆ ಮೂರು ಕಪ್ಪು ಪಟ್ಟೆಯ ಕ್ಲೌನ್ ಲೋಚ್ ಇತ್ತು. ಸುಮಾತ್ರಾ, ಬೋರ್ನಿಯೋ ದ್ವೀಪಗಳ ಮೀನು. ಎರಡು ಅಂಗುಲ ಇದ್ದಾಗ ಮಾರುತ್ತಾರೆ, ಒಂದು ಅಡಿವರೆಗೆ ಬೆಳೆಯುತ್ತದೆ. ನಮ್ಮ ತೊಟ್ಟಿಯಲ್ಲಿ ಅದು ತಿರುಗುವುದಕ್ಕೂ ಜಾಗ ಸಾಲದು ಅಂತ ಬಿಟ್ಟೆ. ಪಕ್ಕದ ತೊಟ್ಟಿಯಲ್ಲಿ ಮೈತುಂಬ ಸಣ್ಣ ಸಣ್ಣ ಅಡ್ಡ ಪಟ್ಟೆಯ ಮೀನುಗಳಿದ್ದವು. ಕಣ್ಣಿನ ಕೆಳಗೆ ಮುಳ್ಳಿನ ಸೀಳು, ಚೂಪು ಮೂತಿ, ನಾಲ್ಕು ಜೊತೆ ಮೀಸೆ. ಬೋಟಿಯಾ! ಗುರುತು ಹಿಡಿದ ಖುಷಿಗೇ ಮೂರು ಕೊಂಡುಕೊಂಡೆ. ಮನೆಯಲ್ಲಿ ಅವನ್ನು ನೋಡಿ ಮನೆಯಾಕೆ, "ನಾರಾಯಣಪೇಟೆ ಸೀರಿ ಉಟ್ಟಾವ ನೋಡ್ರಿ" ಅಂದಳು.

ಹೊಸ ಮೀನನ್ನು ಕನಿಷ್ಠ ಎರಡು ಮೂರು ವಾರ ಬೇರೆ ತೊಟ್ಟಿಯಲ್ಲಿ ಇಟ್ಟು ನೋಡಿ ಆಮೇಲೆ ಕೂಡಿಸಬೇಕು. ಇದನ್ನು ನಾನು ಓದಿದ್ದೆ. ಓದಿಯೂ ಅವತ್ತೇ ಕೂಡಿಸಿದೆ. ಬೇರೆ ತೊಟ್ಟಿ ಇರಲಿಲ್ಲ ಅನ್ನುವುದು ನೆಪ, ಒಂದು ಪ್ಲಾಸ್ಟಿಕ್ ಟಬ್ ಸಾಕಾಗಿತ್ತು.

ಆ ವಾರ ರಾತ್ರಿಯ ಚಳಿ ಜೋರಿತ್ತು. ಐದನೆಯ ದಿನ ಪಟ್ಟೆ ಮೀನುಗಳ ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆ. ಎರಡು ದಿನಕ್ಕೆ ನಮ್ಮ ಹಳ್ಳದ ಮೀನುಗಳಿಗೂ ಬಂತು. ಇದು ಒಂದು ಏಕಕೋಶ ಪರಾವಲಂಬಿಯ ಕೆಲಸ. ಮೀನಿನ ಚರ್ಮದೊಳಗೆ ಬೆಳೆದು, ಬಲಿತ ಮೇಲೆ ಉದುರಿ ತಳಕ್ಕೆ ಬಿದ್ದು, ಅಲ್ಲಿ ನೂರಾರು ಮರಿಗಳಾಗಿ ಒಡೆದು ಮತ್ತೆ ಮೀನು ಹುಡುಕಿಕೊಂಡು ಬರುತ್ತದೆ. ಔಷಧ ತಾಗುವುದು ಹೀಗೆ ಈಜುವ ಮರಿಗಳಿಗೆ ಮಾತ್ರ. ಗಾಬರಿಯಲ್ಲಿ ನಾನು ಹಸಿರು ಔಷಧವನ್ನು ಸೀಸೆಯ ಮೇಲೆ ಬರೆದ ಪೂರ್ತಿ ಪ್ರಮಾಣದಲ್ಲಿ ಹಾಕಿದೆ. ಲೋಚ್‌ಗಳ ಹುರುಪೆ ಬಹಳ ಸಣ್ಣವು, ಔಷಧ ಅವಕ್ಕೆ ಬೇರೆ ಮೀನಿಗಿಂತ ಬೇಗ ವಿಷವಾಗುತ್ತದೆ. ಅದಕ್ಕೇ ಅರ್ಧ ಪ್ರಮಾಣ ಹಾಕಬೇಕು ಅನ್ನುತ್ತಾರೆ. ಬೆಳಿಗ್ಗೆ ನಮ್ಮ ಐದರಲ್ಲಿ ಎರಡು, ಪಟ್ಟೆಯವುಗಳಲ್ಲಿ ಒಂದು ಸತ್ತಿದ್ದವು. ಆಮೇಲೆ ಔಷಧ ಬಿಟ್ಟು, ಹೀಟರ್ ತಂದು ನೀರನ್ನು ನಿಧಾನವಾಗಿ 30 ಡಿಗ್ರಿಗೆ ಏರಿಸಿ, ಗಾಳಿಯ ಪಂಪು ಹೆಚ್ಚಿಸಿ, ದಿನಾ ತಳದ ನೀರು ಎಳೆದು ಬದಲಿಸುತ್ತ ಎರಡು ವಾರ ಕಳೆದೆ. ಉಳಿದ ಐದು ಉಳಿದವು. ಮೂರು ನಮ್ಮವು, ಎರಡು ಅಂಗಡಿಯವು.

ಭಾನುವಾರ ಬಂದ ಹುಡುಗ ಕಣ್ಣು ಎಣಿಸಿದ. ಏನೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರ ಆಗುತ್ತಿತ್ತು.

ಆ ಪಟ್ಟೆ ಮೀನಿನ ಬಗ್ಗೆ ಕೊಂಡ ಮೇಲೆ ಓದಿದೆ, ಕೊಳ್ಳುವ ಮೊದಲು ಓದಬೇಕಿತ್ತು. ಬೋಟಿಯಾ ಸ್ಟ್ರಿಯಾಟಾ ನಮ್ಮವರೇ ಹೆಸರಿಟ್ಟ ಮೀನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ. ಆರ್. ನಾರಾಯಣ ರಾವ್ ಅವರು 1920ರಲ್ಲಿ ಶಿವಮೊಗ್ಗದ ತುಂಗಾ ನದಿಯ ಮೀನನ್ನು ನೋಡಿ ವಿವರಿಸಿದರು. 1932ರಲ್ಲಿ ಶುರುವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಪಶ್ಚಿಮ ಘಟ್ಟದ ತಿಳಿನೀರಿನ ಹೊಳೆಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಈ ಮೀನಿಲ್ಲ. ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅಳಿವಿನ ಅಂಚಿನದು ಅಂತ ಸೇರಿದೆ. ಮನೆಯ ತೊಟ್ಟಿಯಲ್ಲಿ ಅದು ಮರಿ ಮಾಡುವುದು ತೀರಾ ಅಪರೂಪ, ಹೊಳೆಯಿಂದ ಹಿಡಿದು ತಂದೇ ಮಾರುತ್ತ ಬಂದಿದ್ದಾರೆ. 2005ರಿಂದ 2012ರವರೆಗೆ ಭಾರತದಿಂದ ಹೊರದೇಶಕ್ಕೆ ಹೋದ ಅಲಂಕಾರಿಕ ಮೀನುಗಳ ಲೆಕ್ಕವನ್ನು ಸಂಶೋಧಕರು 2013ರಲ್ಲಿ ಪ್ರಕಟಿಸಿದರು. ಅಪಾಯದಲ್ಲಿರುವ 30 ಜಾತಿಗಳ 15 ಲಕ್ಷಕ್ಕೂ ಹೆಚ್ಚು ಮೀನು ಹೋಗಿದ್ದವು. ಅತಿ ಹೆಚ್ಚು ಹೋದ ಜಾತಿಗಳಲ್ಲಿ ಈ ಪಟ್ಟೆಯ ಮೀನೂ ಒಂದು.

ತುಂಗೆಯ ನೀರು ಭದ್ರೆಯ ಜೊತೆ ಕೂಡಿ ಗದ್ವಾಲ್ ಸೀಮೆಯ ದಕ್ಷಿಣಕ್ಕೆ ಹರಿಯುತ್ತದೆ. ಉತ್ತರಕ್ಕೆ ಕೃಷ್ಣೆ, ಅದಕ್ಕೇ ಆ ನೆಲಕ್ಕೆ ನಡಿಗಡ್ಡ ಅನ್ನುವುದು. ಅದೇ ತುಂಗೆಯ ಮೀನನ್ನು ನಾನು ಹೈದರಾಬಾದಿನ ಅಂಗಡಿಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ಬಂದಿದ್ದೆ. ಗುರುತು ಹಿಡಿಯುವುದು ಬೇರೆ, ಗುರುತಿರುವುದು ಬೇರೆ ಅಂತ ಅವತ್ತು ಅನ್ನಿಸಿತು. ಆ ಎರಡು ಸಾಯುವವರೆಗೆ ಸಾಕುತ್ತೇನೆ, ಮತ್ತೆ ಕೊಳ್ಳುವುದಿಲ್ಲ. ಬೋಟಿಯಾಗಳು ಗುಂಪಿನಲ್ಲಿ ಬದುಕುವ ಮೀನು, ಐದಾರಾದರೂ ಜೊತೆಗಿರಬೇಕು. ಎರಡೇ ಉಳಿದದ್ದಕ್ಕೆ ಅವು ಯಾವಾಗಲೂ ಮಡಕೆಯ ಚೂರಿನ ಕೆಳಗೇ ಇರುತ್ತವೆ. ಕೊಂಡರೆ ಹೊಳೆಗೆ ನಷ್ಟ, ಕೊಳ್ಳದಿದ್ದರೆ ಇವಕ್ಕೆ ಒಂಟಿತನ. ನನ್ನ ಒಂದು ದಿನದ ಖುಷಿಯಿಂದಾದ ಕೆಲಸ ಇದು.

ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ದಾಟಿತು. ಕರೆಂಟು ಹೋದಾಗ ತೊಟ್ಟಿಯ ಸುತ್ತ ಒದ್ದೆ ಗೋಣಿಚೀಲ ಸುತ್ತಿ ಇಟ್ಟುಕೊಂಡೆವು. ಬೇಸಿಗೆ ರಜೆಗೆ ಮೊದಲಿನ ಭಾನುವಾರ ಹುಡುಗ ಬಂದ. ಜೂನಿನಲ್ಲಿ ಅವನು ಆರನೆಯ ತರಗತಿಗೆ ಬೇರೆ ಊರಿನ ತೆಲುಗು ಶಾಲೆಗೆ ಹೋಗುವವನು. ಕೈಯಲ್ಲಿ ಅದೇ ಕುತ್ತಿಗೆ ಕೊಯ್ದ ಬಾಟಲಿ ಇತ್ತು.

"ಸರ, ಮೂರೂ ವಾಪಸ್ ಕೊಡ್ರಿ. ಹಳ್ಳಕ್ಕ ಬಿಟ್ಟು ಬರ್ತೀನಿ."

"ಬ್ಯಾಡ ತಮ್ಮಾ."

"ಅವತ್ತ ಮುಳ್ಳಿಲ್ಲದ್ದು ಬಿಟ್ಟು ಬಂದ್ವೆಲ್ರಿ. ಇವನ್ನ ಯಾಕ ಬಿಡಬಾರದು?"

ಪ್ರಶ್ನೆ ಸರಿಯಾಗಿಯೇ ಇತ್ತು. ಅವನನ್ನು ಕೂಡಿಸಿಕೊಂಡು ಹೇಳಿದೆ. ಅವತ್ತಿನ ಮೀನು ತನ್ನ ಹಳ್ಳದ ನೀರಲ್ಲೇ ಒಂದು ದಿನ ಇದ್ದು ಹೋಯಿತು, ಬೇರೆ ಮೀನಿನ ಜೊತೆ ಸೇರಲಿಲ್ಲ. ಇವು ಅಂಗಡಿಯ ಮೀನಿನ ಜೊತೆ ಇದ್ದವು, ರೋಗ ಬಂದು ಉಳಿದವು. ಚುಕ್ಕೆ ಹೋದರೂ ರೋಗದ ಬೀಜ ಮೈಯಲ್ಲಿ ಕಾಣದಂತೆ ಉಳಿದಿರಬಹುದು. ಅಂಗಡಿಯ ಮೀನು ಯಾವ ಯಾವ ದೇಶದ ನೀರು ಕುಡಿದು ಬಂದಿರುತ್ತದೋ. ಈ ಮೂರನ್ನು ಬಿಟ್ಟರೆ ಹಳ್ಳದಲ್ಲಿರುವ ಮೂರು ಸಾವಿರಕ್ಕೆ ಅದು ಹತ್ತಬಹುದು. ಅಕ್ವೇರಿಯಂಗೆ ತಂದ ದಕ್ಷಿಣ ಅಮೆರಿಕದ ಸಕ್ಕರ್ ಮೀನನ್ನು ಯಾರೋ ಬೇಜಾರಾಗಿ ಕೆರೆಗೆ ಬಿಟ್ಟರು, ಈಗ ಆಂಧ್ರ, ತೆಲಂಗಾಣದ ಕೆರೆಗಳಲ್ಲಿ ಅದು ಬೆಸ್ತರ ಬಲೆ ಹರಿಯುತ್ತಿದೆ. ಬಿಟ್ಟವರೂ ಪಾಪ, ಒಳ್ಳೆಯ ಮನಸ್ಸಿನಿಂದಲೇ ಬಿಟ್ಟಿರಬೇಕು.

ಹುಡುಗ ಬಹಳ ಹೊತ್ತು ತೊಟ್ಟಿ ನೋಡುತ್ತ ಕುಳಿತ. ಕೊನೆಗೆ ಕೇಳಿದ, "ಹಂಗಾದ್ರ ನಾ ಅವನ್ನ ತರಬಾರದಿತ್ತೇನ್ರಿ?"

"ನೀ ತಂದದ್ದು ತಪ್ಪಲ್ಲ. ನಾ ಕೂಡಿಸಿದ್ದು ತಪ್ಪು."

ಮೂವತ್ತು ವಿದ್ಯಾರ್ಥಿಗಳ ಮುಂದೆ ಕಪ್ಪುಹಲಗೆಯ ಮೇಲೆ ಕಾಗುಣಿತ ತಪ್ಪಿದಾಗ ಒರೆಸಿ ಬರೆದಿದ್ದೇನೆ. ಈ ತಪ್ಪನ್ನು ಒರೆಸಲು ಬರುವುದಿಲ್ಲ. ಅವತ್ತೇ ಇನ್ನೊಂದೂ ಹೊಳೆಯಿತು. ಇಷ್ಟು ದಿನ ತೊಟ್ಟಿಯ ನೀರನ್ನು ಮನೆಯ ಮುಂದಿನ ಚರಂಡಿಗೆ ಚೆಲ್ಲುತ್ತಿದ್ದೆ. ಚರಂಡಿ ಹೋಗಿ ಸೇರುವುದು ಮತ್ತೆ ಯಾವುದೋ ಹಳ್ಳವನ್ನೇ. ಈಗ ಆ ನೀರನ್ನು ಬಿಸಿಲು ಬೀಳುವ ಒಣ ನೆಲದಲ್ಲಿರುವ ಕರಿಬೇವಿನ ಗಿಡಕ್ಕೆ ಹಾಕುತ್ತೇವೆ.

ಮೊನ್ನೆ ಸಂಜೆ ಹಳ್ಳದ ಕಡೆ ಹೋಗಿದ್ದೆ. ನಾವು ಅರ್ಧ ಬಕೆಟ್ ಉಸುಕು ತಂದ ಜಾಗದಲ್ಲಿ ಟ್ರ್ಯಾಕ್ಟರಿನ ಗಾಲಿಯ ಗುರುತು, ಆಳು ಎತ್ತರದ ಗುಂಡಿ, ಗುಂಡಿಯ ತಳಕ್ಕೆ ಕರಿ ಮಣ್ಣು ಕಾಣುತ್ತಿತ್ತು. ತೆಲಂಗಾಣದಲ್ಲಿ 2016ರಿಂದ ಕೆರೆಗಳಿಗೆ ಸರ್ಕಾರದ ಮೀನುಮರಿ ಬಿಡುವ ಯೋಜನೆ ಬಂತು. ಕಾಟ್ಲಾ, ರೋಹು ಮರಿಗಳ ಲೆಕ್ಕ ಎಲ್ಲೋ ಬರೆದಿಡುತ್ತಾರೆ. ಅದು ಬೇಕಾದದ್ದೇ, ಜನರ ಹೊಟ್ಟೆಯ ಪ್ರಶ್ನೆ. ಆದರೆ ಉಸುಕು ಹೋದರೆ ಹೋಗುವ ಮೀನಿನ ಲೆಕ್ಕ ಇಡುವವರು ಯಾರೂ ಕಾಣಲಿಲ್ಲ. ಐದನೆಯ ತರಗತಿಯ ಹುಡುಗನೊಬ್ಬ ಕಣ್ಣು ಎಣಿಸಿ ಇಟ್ಟಿದ್ದ ಅಷ್ಟೇ. ಮೇಲಿನ ತಿರುವಿನಲ್ಲಿ ಉಸುಕು ಇನ್ನೂ ಇತ್ತು. ಕಾಲಿಟ್ಟಾಗ ಬೆರಳ ಸಂದಿಯಲ್ಲಿ ಏನೋ ಸರಿದು ಹೋಯಿತು. ಹಿಡಿಯಲಿಲ್ಲ.

ತೊಟ್ಟಿಯಲ್ಲಿ ಮೂರು ಮೀನು ಚೆನ್ನಾಗಿವೆ. ಹುಡುಗ ಈಗ ಪ್ರತಿ ಭಾನುವಾರ ಬರಲಾಗುವುದಿಲ್ಲ, ಬಂದಾಗ ಆರು ಕಣ್ಣು ಎಣಿಸಿಯೇ ಹೋಗುತ್ತಾನೆ. ಹೊಸ ಶಾಲೆಯಲ್ಲಿ ಈ ಮೀನಿಗೆ ಏನಂತಾರೋ ಅಂತ ಕೇಳಿದೆ. "ಅಲ್ಲಿ ಯಾರಿಗೂ ಗೊತ್ತಿಲ್ರಿ ಸರ. ನಾನೇ ಹೇಳಿಕೊಟ್ಟೀನಿ, ಉಸುಕಿನ ಮೀನ ಅಂತ."

ನಿಮ್ಮ ಊರಿನ ಹಳ್ಳದಲ್ಲೂ ಇದು ಇದ್ದೀತು. ಇದ್ದರೆ ನೀವು ಏನಂತ ಕರೆಯುತ್ತೀರಿ, ದಯವಿಟ್ಟು ತಿಳಿಸಿ. ಬರೆದಿಟ್ಟುಕೊಳ್ಳುತ್ತೇನೆ.